ಎಸಿಗೆ ಪ್ರತಿ ಬೇಸಿಗೆಯೂ ಗ್ಯಾಸ್ ಯಾಕೆ ಬೇಕು? ಕುಂಬಳೆಯ ನಮ್ಮ ಮನೆ ಕಥೆ

ಎಸಿ ತಣ್ಣಗಾಗುತ್ತಿಲ್ಲ ಅಂತ ಫೋನ್ ಮಾಡಿದರೆ ನಮ್ಮ ಕಡೆ ಬರುವ ಮೊದಲ ಉತ್ತರ ಒಂದೇ, "ಗ್ಯಾಸ್ ಕಮ್ಮಿ ಆಗಿರ್ಬೇಕು." ಮನೆಗೆ ಬಂದಿಲ್ಲ, ಮೆಷಿನ್ ನೋಡಿಲ್ಲ, ಆಗಲೇ ತೀರ್ಪು. ಆದರೆ ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಹಾಗೆ ಉರಿದು ಮುಗಿಯುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಾ ಇರುತ್ತದೆ. ಕೋಣೆಯ ಬಿಸಿ ಹೀರುತ್ತದೆ, ಹೊರಗೆ ಹೋಗಿ ಬಿಡುತ್ತದೆ, ಮತ್ತೆ ಒಳಗೆ ಬರುತ್ತದೆ. ಕಮ್ಮಿ ಆಗಿದೆ ಅಂದರೆ ಎಲ್ಲೋ ತೂತಾಗಿದೆ. ಆ ತೂತು ಹುಡುಕದೆ ತುಂಬಿಸಿದರೆ ಮುಂದಿನ ವಿಷುವಿಗೆ ಮತ್ತೆ ಅದೇ ಫೋನ್, ಅದೇ ದುಡ್ಡು.

ಈಗ ಕಾಣುತ್ತಿರುವುದು ನಮ್ಮ ಟೆರೇಸ್. ಆ ತೆಂಗಿನ ಮರಗಳ ಆಚೆ ರೈಲು ಹಳಿ, ಹಳಿಯ ಆಚೆ ಸಮುದ್ರ. ಸಂಜೆ ಗಾಳಿ ಚೆನ್ನಾಗಿರುತ್ತದೆ ಅಂತ ನೆಂಟರು ಬಂದವರೆಲ್ಲ ಹೇಳುತ್ತಾರೆ, ಆದರೆ ಆ ಗಾಳಿ ಸುಮ್ನೆ ಬರುವುದಿಲ್ಲ, ಉಪ್ಪನ್ನೂ ಹೊತ್ತು ತರುತ್ತದೆ, ಕಿಟಕಿಯ ಸರಳು, ಗೇಟಿನ ಬಿಜಾಗರಿ, ಬೈಕಿನ ಚೈನ್, ಯಾವುದನ್ನೂ ಬಿಡುವುದಿಲ್ಲ. ಎಸಿಯ ಹೊರಗಿನ ಪೆಟ್ಟಿಗೆಯಲ್ಲಿ ತಾಮ್ರದ ಪೈಪಿಗೆ ತೆಳು ಅಲ್ಯೂಮಿನಿಯಂ ಪಟ್ಟಿಗಳು ಅಂಟಿಕೊಂಡಿರುತ್ತವೆ, ಪಟ್ಟಿಗೆ ಫಿನ್ ಅಂತಾರೆ, ಪೈಪು ಪಟ್ಟಿ ಸೇರಿದ್ದಕ್ಕೆ ಕಾಯಿಲ್. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿದ ಕಡೆ ಉಪ್ಪು, ತೇವ ಸೇರಿದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಈ ಕ್ಲೋಸಪ್ ನೋಡಿ, ಬಿಳಿ ಪುಡಿ. ಧೂಳಲ್ಲ, ಫಿನ್ ಕರಗಿ ಆದದ್ದು. ಬೆರಳು ತಾಗಿಸಿದರೆ ಉದುರುತ್ತದೆ.

ಅದರ ಮೇಲೆ ತಗಡಿನ ಶೀಟ್ ಕಾಣುತ್ತಿದೆ ಅಲ್ವಾ? ಕಾಸರಗೋಡಿನ ಕಡೆ ಟೆರೇಸಿಗೆ ಶೀಟ್ ಹಾಕಿಸುವವರು ಜಾಸ್ತಿ, ಮಳೆಗೂ ಆಯ್ತು, ಅಡಿಕೆ ಒಣಗಿಸಲಿಕ್ಕೂ ಆಯ್ತು. ಎಸಿಗೆ ನೆರಳು ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಶೀಟಿನ ಕೆಳಗಿರುವ ಪೆಟ್ಟಿಗೆಗೆ ಮಳೆ ನೀರು ಬೀಳುವುದಿಲ್ಲ, ಹಾಗಾಗಿ ಉಪ್ಪು ತೊಳೆದುಹೋಗುವುದೂ ಇಲ್ಲ. ನಾವೇ ತೊಳೆಯಬೇಕು. ಎಂಸಿಬಿ, ಅಂದರೆ ಎಸಿಗೆ ಕರೆಂಟ್ ಹೋಗುವ ಮೇನ್ ಸ್ವಿಚ್, ಆಫ್ ಮಾಡಿ, ಬಾವಿ ನೀರನ್ನು ಪೈಪಿನಲ್ಲಿ ಮೆಲ್ಲಗೆ ಬಿಟ್ಟರೆ ಸಾಕು. ಕಾರು ತೊಳೆಯುವ ಪ್ರೆಷರ್ ಗನ್ ಬೇಡವೇ ಬೇಡ, ಫಿನ್ ಮಡಚಿಹೋಗುತ್ತದೆ. ಸಮುದ್ರದ ಹತ್ತಿರ ಇರುವವರು ಎರಡು ಮೂರು ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಕಾಯಿಲ್ ಎಷ್ಟೋ ಜಾಸ್ತಿ ಬಾಳುತ್ತದೆ.

ಸಮುದ್ರದಿಂದ ದೂರ, ಒಳನಾಡಿನ ಪೆರ್ಲದಲ್ಲಿರುವ ಚಿಕ್ಕಮ್ಮನ ಮನೆಯಲ್ಲೂ ಎಸಿ ಇದೆ, ತೋಟದ ಮಧ್ಯೆ. ಅಲ್ಲಿ ಕಾಯಿಲ್ ಈಗಲೂ ಹೊಸದರ ಹಾಗಿದೆ. ಅಲ್ಲಿನ ತೊಂದರೆಯೇ ಬೇರೆ, ಹಲ್ಲಿ ಮತ್ತು ಇರುವೆ. ಹೊರಗಿನ ಪೆಟ್ಟಿಗೆಯ ಬೋರ್ಡ್ ಬೆಚ್ಚಗಿರುತ್ತದೆ, ಹೋಗಿ ಕೂತುಕೊಳ್ಳುತ್ತವೆ, ಶಾರ್ಟ್ ಆಗುತ್ತದೆ. ಜೊತೆಗೆ ತುಲಾ ಮಾಸದ, ಅಂದರೆ ಅಕ್ಟೋಬರ್-ನವೆಂಬರಿನ, ಗುಡುಗು ಸಿಡಿಲು. ಮೋಡ ಕಪ್ಪಾದ ಕೂಡಲೇ ಚಿಕ್ಕಮ್ಮ ಮೊದಲು ಓಡುವುದು ಎಸಿಯ ಸ್ವಿಚ್ಚಿಗೆ, ಬಟ್ಟೆ ಆಮೇಲೆ.

ನಮ್ಮ ಮನೆಗೆ ಬರೋಣ. ಈ ಸಲ ಬಂದ ಹುಡುಗ ಗ್ಯಾಸ್ ಸಿಲಿಂಡರ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ. ಅಪ್ಪ ಕೇಳಿದರು, "ಹೋದ ವರ್ಷ ತುಂಬಿಸಿದ್ದಲ್ವಾ ಮಾರಾಯ, ಅದು ಎಲ್ಲಿ ಹೋಯ್ತು?" ಹುಡುಗ ನಕ್ಕ. "ಲೀಕ್ ನೋಡ್ಬೇಕಾದ್ರೆ ನೈಟ್ರೋಜನ್ ತರ್ಬೇಕು ಅಣ್ಣ, ನಾಳೆ ಬರ್ತೇನೆ." ನಾಳೆಯೇ ಬಾ ಅಂದೆವು. ನನಗೆ ಅನಿಸುವುದು ಇಷ್ಟು, ಅವರಿಗೂ ಒಂದು ದಿನಕ್ಕೆ ಹತ್ತು ಮನೆ, ಏಪ್ರಿಲ್ ತಿಂಗಳು, ಎಲ್ಲರದ್ದೂ ಅರ್ಜೆಂಟ್. ತುಂಬಿಸಿ ಹೋಗುವುದು ಸುಲಭ. ಕೇಳುವವರು ಕೇಳಿದರೆ ಕೆಲಸ ಸರಿಯಾಗಿ ಮಾಡುವವರೇ ಹೆಚ್ಚು.

ಒಂದು ವಿಷಯ, ಫೋನ್ ಮಾಡುವ ಮೊದಲೇ ಫಿಲ್ಟರ್ ತೆಗೆದು ನೋಡಿ. ಒಳಗಿನ ಕಾಯಿಲಿನಲ್ಲಿ ಐಸ್ ಕಟ್ಟಿದರೆ ಗ್ಯಾಸ್ ಕಮ್ಮಿ ಅಂತಲೇ ಅಲ್ಲ, ಫಿಲ್ಟರಿನಲ್ಲಿ ಧೂಳು ತುಂಬಿ ಗಾಳಿ ಓಡದಿದ್ದರೂ ಐಸ್ ಕಟ್ಟುತ್ತದೆ. ಹೊರಗಿನ ಫ್ಯಾನ್ ತಿರುಗದೆ ಬರೀ ಗುಂಯ್ ಅನ್ನುತ್ತಿದ್ದರೆ ಹೆಚ್ಚಾಗಿ ಕೆಪಾಸಿಟರ್, ಅಂದರೆ ಫ್ಯಾನ್ ತಿರುಗಲು ಶುರುಮಾಡಿಸುವ ಚಿಕ್ಕ ಭಾಗ, ಹೋಗಿರುತ್ತದೆ, ಚಿಕ್ಕ ಖರ್ಚು. ಆದರೆ ಅದನ್ನು ನೀವೇ ಬಿಚ್ಚಲಿಕ್ಕೆ ಹೋಗಬೇಡಿ, ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಹೊಡೆಯುತ್ತದೆ. ಒಳಗೆ ಗೋಡೆ ಮೇಲೆ ನೀರು ಸೋರಿದರೆ ಹೆಚ್ಚಾಗಿ ಡ್ರೈನ್ ಪೈಪಿನಲ್ಲಿ ಪಾಚಿ. ನಮ್ಮ ಸೆಕೆಯಲ್ಲಿ ಎಸಿ ಗಾಳಿಯಿಂದ ಹಿಂಡುವ ನೀರೇ ಬಕೆಟ್‌ಗಟ್ಟಲೆ, ಅದು ಹೋಗುವ ದಾರಿ ಕಟ್ಟಿಕೊಂಡರೆ ಮನೆಯೊಳಗೇ ಬರುತ್ತದೆ.

ಮರುದಿನ ನೈಟ್ರೋಜನ್ ಬಂತು. ಪೈಪಿನೊಳಗೆ ಒತ್ತಡ ಕೊಟ್ಟು ಜಾಯಿಂಟುಗಳಿಗೆಲ್ಲ ಸೋಪು ನೀರು ಹಚ್ಚಿದರು. ಗುಳ್ಳೆ ಬಂದದ್ದು ಹೊರಗಿನ ಕಾಯಿಲಿನಲ್ಲಿ, ಒಂದು ಕಡೆ ಅಲ್ಲ, ಮೂರು ಕಡೆ. ಒಂದಾಗಿದ್ದರೆ ಬೆಸುಗೆ ಹಾಕಬಹುದಿತ್ತು. ಮೂರು ಅಂದರೆ ಪೈಪೇ ಸವೆದಿದೆ, ಇವತ್ತು ಇದನ್ನು ಮುಚ್ಚಿದರೆ ನಾಳೆ ಪಕ್ಕದ್ದು. ಹೊಸ ಕಾಯಿಲಿನ ಬೆಲೆ ಕೇಳಿದರೆ ಹೊಸ ಎಸಿಯ ಅರ್ಧ ದಾಟುತ್ತದೆ. ಮೇಲಾಗಿ ನಮ್ಮದು ಆರ್22 ಗ್ಯಾಸಿನ ಹಳೆಯ ಮೆಷಿನ್, ಓಝೋನಿಗೆ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದಂತೆ ಕಮ್ಮಿ ಮಾಡುತ್ತಾ ಬರುತ್ತಿರುವ ಗ್ಯಾಸ್ ಅದು. ಅದರ ಬದಲು ಹೊಸ ಎಸಿಗಳ ಗ್ಯಾಸ್ ಆರ್32 ಹಾಕುತ್ತೇನೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆರ್32 ತುಂಬಾ ಜಾಸ್ತಿ ಒತ್ತಡದಲ್ಲಿ ಓಡುತ್ತದೆ, ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣವೂ ಇದೆ, ಹಳೆಯ ಮೆಷಿನ್ ಅದಕ್ಕೆ ಮಾಡಿದ್ದಲ್ಲ.

ಹಾಗಾಗಿ ಹೊಸತು. ಅಪ್ಪನಿಗೆ ಬೇಕಾದದ್ದು 1.5 ಟನ್, "ದೊಡ್ಡದಿದ್ರೆ ಬೇಗ ತಣ್ಣಗಾಗ್ತದೆ." ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಒಂದು ಅಳತೆ) ಶಾಖ ಹೊರಹಾಕುವ ಶಕ್ತಿ. ನಮ್ಮ ಕೋಣೆ ಚಿಕ್ಕದು, ಮೇಲೆ ಶೀಟಿನ ನೆರಳೂ ಇದೆ, ಒಂದು ಟನ್ ಧಾರಾಳ. ಜಾಸ್ತಿ ದೊಡ್ಡದು ಹಾಕಿದರೆ ಕೋಣೆ ಬೇಗ ತಣ್ಣಗಾಗಿ ಕಂಪ್ರೆಸರ್, ಅಂದರೆ ಗ್ಯಾಸನ್ನು ಒತ್ತಿ ಓಡಿಸುವ ಪಂಪು, ನಿಂತುಬಿಡುತ್ತದೆ, ತೇವ ಹಾಗೇ ಉಳಿಯುತ್ತದೆ, ಹಾಸಿಗೆ ಥಂಡಿ ಥಂಡಿ. ಕರಾವಳಿಯಲ್ಲಿ ತೇವ ಹೋಗುವುದೇ ಮುಖ್ಯ. ಇನ್ನು ಕರೆಂಟ್ ಬಿಲ್. ಕೇರಳದಲ್ಲಿ ಮನೆಗಳಿಗೆ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬಿಲ್, ಅದರಲ್ಲಿ 500 ಯೂನಿಟ್ ದಾಟಿದರೆ ಸ್ಲ್ಯಾಬ್ ಲೆಕ್ಕವೇ, ಅಂದರೆ ಹಂತ ಹಂತವಾಗಿ ಏರುವ ದರವೇ, ಹೋಯಿತು, ಮೊದಲ ಯೂನಿಟಿನಿಂದ ಹಿಡಿದು ಎಲ್ಲದಕ್ಕೂ ಜಾಸ್ತಿ ದರ ಬೀಳುತ್ತದೆ. ಗಡಿಯ ಆಚೆ ಮಂಗಳೂರಿನ ಗೆಳೆಯರು ಹೇಳುವ ಲೆಕ್ಕ ನಮಗೆ ಹೊಂದುವುದಿಲ್ಲ. ಅದಕ್ಕೇ ಇನ್ವರ್ಟರ್ ಎಸಿ ತೆಗೆದುಕೊಂಡೆವು, ಕಂಪ್ರೆಸರ್ ಬೇಕಾದಷ್ಟೇ ವೇಗದಲ್ಲಿ ಓಡಿ ಕರೆಂಟ್ ಉಳಿಸುವಂಥದ್ದು. 2020ರಿಂದ ಸ್ಟಾರ್ ಲೇಬಲಿನ ಎಸಿಗಳು 24 ಡಿಗ್ರಿಗೆ ಸೆಟ್ ಆಗಿಯೇ ಬರುತ್ತವೆ, ನಮ್ಮದು 26ರಲ್ಲಿ ಓಡುತ್ತಿದೆ, ಜೊತೆಗೆ ಸೀಲಿಂಗ್ ಫ್ಯಾನ್ ಒಂದರಲ್ಲಿ. ಅಪ್ಪ ಹೊದಿಕೆ ಹುಡುಕುತ್ತಿದ್ದಾರೆ.

ಫಿಟ್ ಮಾಡುವಾಗ ನಾನು ಹಠ ಹಿಡಿದದ್ದು ವ್ಯಾಕ್ಯೂಮ್ ಪಂಪಿಗೆ. ಪೈಪಿನೊಳಗಿನ ಗಾಳಿ, ತೇವ ಎರಡನ್ನೂ ಎಳೆದು ತೆಗೆಯಬೇಕು, ಕಾಲು ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ. ಅವಸರದವರು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸಿ ಮುಗಿಸುತ್ತಾರೆ, ತೇವ ಒಳಗೇ ಉಳಿದು ಕಂಪ್ರೆಸರಿನ ಎಣ್ಣೆ ಕೆಡಿಸುತ್ತದೆ. ಹೊರಗಿನ ಪೆಟ್ಟಿಗೆಯನ್ನು ಈ ಸಲ ಪೂರ್ವದ ಗೋಡೆಗೆ ಕೂರಿಸಿದ್ದೇವೆ, ಸಮುದ್ರಕ್ಕೆ ಬೆನ್ನು ಹಾಕಿ. ಬೆಳಿಗ್ಗೆ ಸ್ವಲ್ಪ ಬಿಸಿಲು ಬೀಳುತ್ತದೆ, ಪರವಾಗಿಲ್ಲ. ನಲ್ಲಿ ಪಕ್ಕದಲ್ಲೇ ಇದೆ, ಪೈಪು ಹಿಡಿದು ತೊಳೆಯಲಿಕ್ಕೆ ಮೆಟ್ಟಿಲು ಹತ್ತುವ ಕೆಲಸವೂ ಇಲ್ಲ.