ಕೆರೆಯ ಗೋಡು ಹೊಲಕ್ಕೆ: ಎಲ್ಲಿಂದ, ಎಷ್ಟು, ಹೇಗೆ

ರೈತ ಬಾಂಧವರಿಗೆ ನಮಸ್ಕಾರ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಬೇಸಿಗೆಯಲ್ಲಿ ಕೆರೆಯಂಗಳ ಒಣಗುತ್ತಿದ್ದಂತೆ ಗೋಡು ಹೊಡೆಯುವ, ಅಂದರೆ ಕೆರೆಯ ತಳದಲ್ಲಿ ಕೂತ ಹೂಳು ಮಣ್ಣನ್ನು ಹೊಲಕ್ಕೆ ಸಾಗಿಸುವ, ಕೆಲಸ ಶುರುವಾಗುತ್ತದೆ. ಕೆರೆಯಲ್ಲಿ ನೀರಿಗೆ ಜಾಗವಾಗುತ್ತದೆ, ಹೊಲಕ್ಕೆ ಮಣ್ಣು ಸಿಗುತ್ತದೆ. ಆದರೆ ಕೆರೆಯ ಹೂಳೆಲ್ಲ ಒಳ್ಳೆಯ ಗೋಡಲ್ಲ, ಎಲ್ಲ ಹೊಲಕ್ಕೂ ಗೋಡು ಬೇಕಿಲ್ಲ. ಅಳತೆ ತಪ್ಪಿದರೆ ಅತ್ತ ಕೆರೆ ಸೋರುತ್ತದೆ, ಇತ್ತ ಹೊಲ ಬಿಗಿಯುತ್ತದೆ.

ಮೊದಲು ನಿಮ್ಮ ಹೊಲ ಯಾವುದು ನೋಡಿಕೊಳ್ಳಿ. ಮರಳು, ಗರಸು ಬೆರೆತ ಕೆಂಪು ಭೂಮಿಗೆ ಗೋಡು ನಿಜಕ್ಕೂ ಬೇಕು. ಅಲ್ಲಿ ಮಳೆ ನೀರು ನಿಲ್ಲದೆ ಇಳಿದುಹೋಗುತ್ತದೆ, ಹಾಕಿದ ಯೂರಿಯಾ ಅದರ ಜೊತೆಗೇ ಹೋಗುತ್ತದೆ. ಗೋಡಿನಲ್ಲಿರುವ ಜೇಡಿ ಇವೆರಡನ್ನೂ ಬೇರಿನ ಹತ್ತಿರ ಹಿಡಿದಿಡುತ್ತದೆ. ಎರೆ ಭೂಮಿಯಲ್ಲಿ ಜೇಡಿ ಮೊದಲೇ ಸಾಕಷ್ಟಿದೆ. ಅಲ್ಲಿಗೆ ಗೋಡು ಹೊಡೆಯುವುದು ದುಡ್ಡು ದಂಡ.

ಇನ್ನು ಕೆರೆಯ ಮಾತು. ರಾಜಕಾಲುವೆಯಿಂದ ನುಗ್ಗಿ ಬರುವ ನೀರು ಕೆರೆಯಂಗಳ ಸೇರಿದ ಕೂಡಲೇ ವೇಗ ಕಳೆದುಕೊಳ್ಳುತ್ತದೆ. ಭಾರವಾದ ಮರಳು ಅಲ್ಲೇ, ಕಾಲುವೆಯ ಬಾಯಲ್ಲೇ ಕೂರುತ್ತದೆ. ನುಣುಪಾದ ಜೇಡಿ ಏರಿಯ ಕಡೆಗೆ, ತೂಬಿನ ಹತ್ತಿರದ ಆಳಕ್ಕೆ ಹೋಗಿ ಸೇರುತ್ತದೆ. ಟ್ರ್ಯಾಕ್ಟರ್ ಇಳಿಸಲು ಸುಲಭ ಅಂತ ಕಾಲುವೆ ಬಾಯಿಂದ ತುಂಬಿಕೊಂಡು ಹೋದರೆ ಮರಳು ಹೊಲಕ್ಕೆ ಮತ್ತಷ್ಟು ಮರಳು ಸೇರಿಸಿದಂತಾಯಿತು.

ಕೈಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಹಿಡಿ ಮಣ್ಣಿನಿಂದ ಕಸಕಡ್ಡಿ ಆರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನೀರು ಹಾಕಿ ನಾದಿ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿಯಾಗಿ ಮುಂದಕ್ಕೆ ತಳ್ಳಿ. ಪಟ್ಟಿ 5 ಸೆಂಟಿಮೀಟರ್ ದಾಟಿಯೂ ಮುರಿಯದಿದ್ದರೆ ಅದು ನಿಮಗೆ ಬೇಕಾದ ಜೇಡಿ. 2.5 ಸೆಂಟಿಮೀಟರ್ ಆಗುವ ಮೊದಲೇ ತುಂಡಾದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ.

ಕೈಗೆ ತಿಳಿಯದ್ದು ಉಪ್ಪು. ಕೆರೆಯ ಐದಾರು ಕಡೆಯಿಂದ, ತೋಡುವಷ್ಟು ಆಳದವರೆಗೂ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಮಣ್ಣನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಿ. ರಸಸಾರ (ಪಿಎಚ್) 8.5 ದಾಟಿದ್ದರೆ, ಅಥವಾ ಲವಣಾಂಶ ಮೀಟರಿಗೆ 1 ಡೆಸಿಸೀಮೆನ್ಸ್ ದಾಟಿದ್ದರೆ ಆ ಗೋಡು ಬೇಡ. ಒಣಗಿದ ಅಂಗಳದ ಮೇಲೆ ಬಿಳಿ ಪುಡಿ ಕಂಡರೆ ಅಲ್ಲೇ ಅನುಮಾನಿಸಿ. ಪಟ್ಟಣದ ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆಯಾದರೆ ಭಾರಲೋಹಗಳ ಪರೀಕ್ಷೆ ಆಗದೆ ಒಂದು ಬುಟ್ಟಿಯನ್ನೂ ತರಬೇಡಿ. ಸೊಪ್ಪು, ತರಕಾರಿ ಬೆಳೆಯುವ ಜಾಗಕ್ಕಂತೂ ಬೇಡವೇ ಬೇಡ.

ತೋಡುವ ಮೊದಲು ಅನುಮತಿ ಬೇಕು. ಸಾಮಾನ್ಯವಾಗಿ 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು (ಕೆರೆಯ ನೀರು ಹರಿಯುವ ಭೂಮಿ) ಇರುವ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರುತ್ತದೆ. ಅದಕ್ಕಿಂತ ದೊಡ್ಡದು, 2,000 ಹೆಕ್ಟೇರ್‌ವರೆಗೆ, ಸಣ್ಣ ನೀರಾವರಿ ಇಲಾಖೆಯದು.

ತೋಡುವಾಗ ಏರಿಯ ಬುಡಕ್ಕೆ ಕೈ ಹಾಕಬೇಡಿ. ಬುಡದಿಂದ 20 ಮೀಟರ್ ಆದರೂ ಬಿಡಿ. ಏರಿ ಎತ್ತರವಿದ್ದಷ್ಟೂ ಇನ್ನೂ ದೂರ ಬಿಡಿ, ಎಷ್ಟು ಅಂತ ಎಂಜಿನಿಯರರನ್ನು ಕೇಳಿ. ಬುಡದ ಮಣ್ಣು ಹೋದರೆ ಮಳೆಗಾಲದಲ್ಲಿ ಏರಿ ಜಾರುತ್ತದೆ. ಗುಂಡಿ ಗುಂಡಿಯಾಗಿ ತೋಡದೆ ಅಂಗಳವನ್ನು ಪದರ ಪದರವಾಗಿ ಇಳಿಸಿ. ಕಡಿದಾದ ಗುಂಡಿಯಲ್ಲಿ ನೀರು ಕುಡಿಯಲು ಇಳಿದ ದನ ಮೇಲೆ ಬರುವುದಿಲ್ಲ, ಈಜಲು ಇಳಿದ ಮಕ್ಕಳ ಪ್ರಾಣ ಹೋಗುತ್ತದೆ. ಕಪ್ಪು ಗೋಡಿನ ಕೆಳಗೆ ಮಣ್ಣಿನ ಬಣ್ಣ ಬದಲಾಗಿ ಹಳದಿ ಮಣ್ಣೋ ಗರಸೋ ಕಂಡರೆ ಅಲ್ಲಿಗೆ ನಿಲ್ಲಿಸಿ. ಕೆರೆ ನೀರು ಹಿಡಿದಿರುವುದು ಆ ತಳದ ಜೇಡಿಯಿಂದ. ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸುವವರು ಈ ಗೆರೆ ದಾಟುತ್ತಾರೆ. ಅದನ್ನು ಊರಿನವರೇ ನಿಂತು ತಡೆಯಬೇಕು. ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿದ ಜಾಗದ ನೀರು ಗದ್ದೆಗೆ ಹರಿಯುವುದಿಲ್ಲ, ದನಕರುಗಳಿಗೂ ಅಂತರ್ಜಲಕ್ಕೂ ಮಾತ್ರ ಆಗುತ್ತದೆ ಎನ್ನುವುದನ್ನು ಅಚ್ಚುಕಟ್ಟಿನವರು ಮೊದಲೇ ತಿಳಿದಿರಲಿ.

ಮೇಲಿನ ಅರ್ಧ ಅಡಿಯಲ್ಲಿ ಕೊನ್ನಾರಿ ಗಡ್ಡೆ, ಜೊಂಡಿನ ಬೇರು, ಬಳ್ಳಾರಿ ಜಾಲಿಯ ಬೀಜ ತುಂಬಿರುತ್ತವೆ. ಆ ಪದರವನ್ನು ಬೇರೆ ತೆಗೆದುಬಿಡಿ, ಹೊಲಕ್ಕೆ ಬೇಡ. ಕೊನ್ನಾರಿ ಒಮ್ಮೆ ಹೊಲಕ್ಕೆ ಬಂದರೆ ಹೋಗಿಸುವುದು ಬಹಳ ಕಷ್ಟ.

ಎಷ್ಟು ಹಾಕಬೇಕು? ಒಂದು ಎಕರೆಗೆ 1 ಸೆಂಟಿಮೀಟರ್ ದಪ್ಪ ಹರಡಲು ಸುಮಾರು 40 ಘನ ಮೀಟರ್ ಗೋಡು ಬೇಕು. ಟ್ರೇಲರಿಗೆ 3 ಘನ ಮೀಟರ್ ಹಿಡಿದರೆ 13ರಿಂದ 14 ಲೋಡು. ಹೊಲದ ಮೇಲ್ಮಣ್ಣಿನಲ್ಲಿ ಜೇಡಿ ನೂರಕ್ಕೆ 10, ಗೋಡಿನಲ್ಲಿ ನೂರಕ್ಕೆ 50 ಇದೆ ಅನ್ನಿ. 15 ಸೆಂಟಿಮೀಟರ್ ಆಳಕ್ಕೆ ಬೆರೆತಾಗ 1 ಸೆಂಟಿಮೀಟರ್ ಗೋಡು ಜೇಡಿಯನ್ನು ನೂರಕ್ಕೆ 12.5ಕ್ಕೆ ಏರಿಸುತ್ತದೆ, 2 ಸೆಂಟಿಮೀಟರ್ ಆದರೆ 15ರ ಹತ್ತಿರಕ್ಕೆ. ಮೊದಲ ಸಲಕ್ಕೆ ಇದಕ್ಕಿಂತ ಹೆಚ್ಚು ಬೇಡ.

ಟ್ರ್ಯಾಕ್ಟರ್ ಓಡಿಸುವವರಿಗೆ ರಾಶಿಯ ಅಂತರವನ್ನು ಹೇಳಿಬಿಡಿ. 1 ಸೆಂಟಿಮೀಟರ್ ದಪ್ಪಕ್ಕೆ ಎರಡೂ ದಿಕ್ಕಿನಲ್ಲಿ 55 ಅಡಿಗೊಂದು ರಾಶಿ, 2 ಸೆಂಟಿಮೀಟರಿಗೆ 40 ಅಡಿಗೊಂದು. ಮೊದಲೇ ಗೂಟ ನೆಟ್ಟರೆ ಒಂದು ಮೂಲೆಯಲ್ಲೇ ಹತ್ತು ಲೋಡು ಬೀಳುವುದು ತಪ್ಪುತ್ತದೆ.

ರಾಶಿಯನ್ನು ಹಸಿಯಾಗಿ ಹರಡಬೇಡಿ. ಹೆಂಟೆಗಳು ಬಿಸಿಲಿಗೆ ಪೂರ್ತಿ ಒಣಗಲಿ. ಒಣಗಿದ ಹೆಂಟೆಗೆ ಒಂದು ಹದ ಮಳೆ ಬಿದ್ದರೆ ತಾನಾಗಿಯೇ ಉದುರುತ್ತದೆ. ಆಗ ಎಳೆದು ಹರಡಿ, ಎರಡು ದಿಕ್ಕಿಗೂ ಉಳುಮೆ ಮಾಡಿ, ಕುಂಟೆ ಹೊಡೆಯಿರಿ. ಬೆರೆಸದೆ ಮೇಲೆಯೇ ಬಿಟ್ಟರೆ ಮಳೆ ಬಿದ್ದು ಒಣಗಿದಾಗ ಹೆಪ್ಪುಗಟ್ಟುತ್ತದೆ, ರಾಗಿಯಂಥ ಸಣ್ಣ ಕಾಳಿನ ಮೊಳಕೆ ಅದನ್ನು ಸೀಳಿ ಮೇಲೆ ಬರಲಾರದು.

ಗೋಡು ಬರುವ ಮೊದಲೇ ಬದು ಸರಿಯಾಗಿರಬೇಕು. ಇಳಿಜಾರಿಗೆ ಅಡ್ಡಲಾಗಿ ಬದು ಇಲ್ಲದ ಹೊಲಕ್ಕೆ ಹಾಕಿದ ಗೋಡು ಜೋರು ಮಳೆಗೆ ಕೊಚ್ಚಿ ಅದೇ ಕೆರೆಗೆ ವಾಪಸಾಗುತ್ತದೆ. ಕೊಟ್ಟಿಗೆ ಗೊಬ್ಬರವನ್ನೂ ನಿಲ್ಲಿಸಬೇಡಿ. ಗೋಡು ಪೋಷಕಾಂಶವನ್ನು ಹಿಡಿದಿಡುತ್ತದೆ, ಬೆಳೆಗೆ ಬೇಕಾದ ಸಾರಜನಕವನ್ನೆಲ್ಲ ಅದೊಂದೇ ಕೊಡಲಾರದು.

ಇದರಲ್ಲಿ ದೊಡ್ಡ ಖರ್ಚು ಸಾಗಣೆಯದು, ಆದ್ದರಿಂದ ಹತ್ತಿರದ ಕೆರೆಯೇ ಲಾಭ. ಕೈಯಲ್ಲಿರುವ ದುಡ್ಡು 28 ಲೋಡಿಗೆ ಮಾತ್ರ ಸಾಕು ಅಂದರೆ ಅದನ್ನು ಐದು ಎಕರೆಗೆ ಚೆಲ್ಲಬೇಡಿ. ಬೇಗ ಬಾಡುವ ಎರಡು ಎಕರೆಯನ್ನು ಆರಿಸಿ ಅಲ್ಲಿಗೇ ಹಾಕಿ. ಉಳಿದದ್ದನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ.