ಬಂದರಿಂದ ಬಂದರಿಗೆ: ನನ್ನ ಮಾಡ್‌ನ ಪ್ಲೇಗ್ ಈವೆಂಟ್‌ಗಳು

ಈಗ ಸ್ಕ್ರೀನ್ ಮೇಲಿರೋದು ಯುರೋಪಾ ಯೂನಿವರ್ಸಾಲಿಸ್ 4, ಇತಿಹಾಸದ ದೇಶಗಳನ್ನ ನಡೆಸೋ ಕಂಪ್ಯೂಟರ್ ಆಟ. ತಾರೀಖು 1444ರ ನವೆಂಬರ್ 11, ಆಟ ಶುರುವಾಗೋ ದಿನ. ಸ್ವಲ್ಪ ಹೊತ್ತಲ್ಲಿ ಯಾವುದೋ ಒಂದು ಬಂದರಲ್ಲಿ ಪ್ಲೇಗ್ ಕಾಣಿಸ್ಕೊಳ್ಳುತ್ತೆ, ಅಲ್ಲಿಂದ ಹಡಗಿನ ದಾರಿ ಹಿಡಿದು ಮುಂದಿನ ಬಂದರಿಗೆ ದಾಟುತ್ತೆ. ಆ ದಾರಿಗಳೆಲ್ಲ ನನ್ನ ಮಾಡ್‌ನಿಂದ, ಅಂದ್ರೆ ಆಟಕ್ಕೆ ನಾನೇ ಬರೆದು ಸೇರಿಸಿದ ಭಾಗದಿಂದ, ಬಂದಿದ್ದು.

ಈ ಆಟಕ್ಕೆ ಒಂದು ಈವೆಂಟ್, ಅಂದ್ರೆ ಆಟದ ನಡುವೆ ಬರೋ ಒಂದು ಘಟನೆ, ಬರೆಯೋದು ಕಷ್ಟ ಅಲ್ಲ. ಟೆಕ್ಸ್ಟ್ ಫೈಲ್‌ನಲ್ಲಿ ಗುರುತಿನ ಐಡಿ, ಶೀರ್ಷಿಕೆ, ಯಾವಾಗ ನಡೀಬೇಕು ಅನ್ನೋ ಟ್ರಿಗರ್, ಆಪ್ಷನ್‌ಗಳು, ಅಷ್ಟೇ. ಆದ್ರೆ ಪಕ್ಕದ ಪ್ರಾಂತ್ಯ ಯಾವುದು ಅಂದ್ರೆ ಹೇಳೋ ಆಟಕ್ಕೆ, ಲ್ಯೂಬೆಕ್‌ನಿಂದ ಹೊರಟ ಹಡಗು ಎಲ್ಲಿಗೆ, ಎಷ್ಟು ದಿನಕ್ಕೆ ತಲುಪುತ್ತೆ ಅನ್ನೋದು ಗೊತ್ತಿಲ್ಲ. ಅದನ್ನ ನಾವೇ ಹೇಳ್ಬೇಕು, ಪ್ರತಿ ಬಂದರಿಗೂ ಬೇರೆಬೇರೆಯಾಗಿ. ನನ್ನ ಪಟ್ಟಿಯಲ್ಲಿ 120 ಬಂದರುಗಳಿವೆ.

ಅದಕ್ಕೇ ಒಂದು ಶೀಟ್ ಮಾಡಿದೆ: ಪ್ರಾಂತ್ಯದ ನಂಬರ್, ಮುಂದಿನ ಬಂದರು, ಎಷ್ಟು ದಿನ. ಅದನ್ನ ಓದಿ ಈವೆಂಟ್ ಫೈಲ್ ಬರೆದುಕೊಡೋದು ಒಂದು ಪೈಥಾನ್ ಪ್ರೋಗ್ರಾಂ. ಆಟದ ಸ್ಕ್ರಿಪ್ಟ್ ತುಂಬ ಹೂಬ್ರಾಕೆಟ್‌ಗಳೇ, ಪಠ್ಯದ ನಡುವೆ ಹೆಸರು, ನಂಬರ್ ತುಂಬೋ ಪೈಥಾನ್‌ನ ಎಫ್-ಸ್ಟ್ರಿಂಗ್‌ಗೂ ಅದೇ ಬ್ರಾಕೆಟ್ ಬೇಕು. ಪ್ರತಿಯೊಂದನ್ನೂ ಎರಡೆರಡು ಸಲ ಬರೆದು ಕಣ್ಣು ಸೋತಮೇಲೆ, ಡಾಲರ್ ಚಿಹ್ನೆ ಬಳಸೋ ಟೆಂಪ್ಲೇಟ್‌ಗೆ ಬದಲಾದೆ. ಈವೆಂಟ್‌ನ ಆಕಾರ ಆಗಲೇ ಕಣ್ಣಿಗೆ ಬಿದ್ದಿದ್ದು.

ಇದಕ್ಕಿಂತ ದೊಡ್ಡ ಪಾಠ ಐಡಿ ವಿಷಯದಲ್ಲಿ. ಒಂದು ಬಂದರಿಗೆ ಪ್ಲೇಗ್ ಬಂದುಹೋದ್ರೆ ಹತ್ತು ವರ್ಷ ಮತ್ತೆ ಬರಬಾರದು ಅಂತ ಫ್ಲ್ಯಾಗ್, ಅಂದ್ರೆ ಹೆಸರಿರೋ ಒಂದು ಗುರುತು, ಇಡ್ತೀನಿ. ಮೊದಲು ಫ್ಲ್ಯಾಗ್‌ನ ಹೆಸರಲ್ಲಿ ಶೀಟ್‌ನ ಸಾಲಿನ ನಂಬರ್ ಇತ್ತು. ಒಂದು ದಿನ ಮಧ್ಯದಲ್ಲಿ ಡಾನ್‌ಜಿಗ್ ಸೇರಿಸಿದೆ, ಕೆಳಗಿನ ಸಾಲುಗಳೆಲ್ಲ ಒಂದೊಂದು ಸರಿದ್ವು. ಹಳೇ ಸೇವ್ ತೆರೆದ್ರೆ, ರೋಗವನ್ನೇ ಕಾಣದ ಊರು ಸುರಕ್ಷಿತ ಅಂತಿದೆ, ನರಳಿದ ಊರಿಗೆ ಮತ್ತೆ ಬಂದಿದೆ. ಸೇವ್ ಫೈಲ್‌ನಲ್ಲಿ ಉಳಿದಿರೋದು ಬರೀ ಆ ಹೆಸರು, ಅದರ ಅರ್ಥ ನಾನೇ ಬದಲಿಸಿದ್ದೆ. ಆಮೇಲೆ ಪ್ರಾಂತ್ಯದ ನಂಬರನ್ನೇ ಹೆಸರಿಗೆ ಹಾಕಿದೆ. ಸ್ಟಾಕ್‌ಹೋಮ್ ಈ ಆಟದಲ್ಲಿ 1. ಎಷ್ಟು ಸಾಲು ಸೇರಿಸಿದ್ರೂ ಅದು 1.

ಆಟದಲ್ಲಿ ಕಾಣೋ ಶೀರ್ಷಿಕೆ, ಮಾತುಗಳಿರೋ ಪಠ್ಯದ ಫೈಲ್ ಮಾತ್ರ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿದ್ರೆ ಸಾಲದು, ಬಿಒಎಂ (ಫೈಲ್‌ನ ಶುರುವಲ್ಲಿರೋ ಎನ್‌ಕೋಡಿಂಗ್ ಗುರುತು) ಬೇಕೇ ಬೇಕು. ಪೈಥಾನ್‌ನಲ್ಲಿ 'ಯುಟಿಎಫ್-8-ಸಿಗ್' ಅಂತ ಕೊಟ್ರೆ ಆಯ್ತು.

ಇನ್ನು ಟ್ರಿಗರ್. ಶುರುವಲ್ಲಿ ಪ್ರತಿ ಈವೆಂಟ್‌ಗೂ ಸರಾಸರಿ ಎಷ್ಟು ಕಾಲಕ್ಕೆ ನಡೀಬೇಕು ಅನ್ನೋ ಅವಧಿ ಕೊಟ್ಟಿದ್ದೆ, ಅಂದ್ರೆ ಆಟ ಆ 120ರ ಷರತ್ತನ್ನೂ ಮತ್ತೆಮತ್ತೆ ತಿರುವಿ ನೋಡ್ಬೇಕು. ಈಗ ಯಾವ ಈವೆಂಟೂ ತಾನಾಗಿ ಏಳೋದಿಲ್ಲ. ಆಟದಲ್ಲಿ ವರ್ಷಕ್ಕೊಂದು ಸಲ ಬರೋ ಇಯರ್ಲಿ ಪಲ್ಸ್ ಅನ್ನೋ ಸೂಚನೆಗೆ ಒಂದೇ ಒಂದು ಮರೆಯಲ್ಲಿರೋ ಈವೆಂಟ್ ಕಟ್ಟಿದೀನಿ. ಅದು ಮೊದಲ ಬಂದರನ್ನ ಆರಿಸುತ್ತೆ, ಆ ಬಂದರಿನ ಈವೆಂಟ್ ಮುಂದಿನದನ್ನ ಇಷ್ಟು ದಿನ ಬಿಟ್ಟು ಕರೆಯುತ್ತೆ. ನನಗೆ ಇದರಲ್ಲಿ ತುಂಬ ಇಷ್ಟವಾಗೋದು ಆ ಕಾಯುವಿಕೆ. ರೋಗ ಹಡಗಲ್ಲಿದೆ, ಊರಿಗಿನ್ನೂ ಗೊತ್ತಿಲ್ಲ.

ಆಟಕ್ಕೆ ಆಜ್ಞೆ ಕೊಡೋ ಕನ್ಸೋಲ್ ತೆರೆದು 'ಅಬ್ಸರ್ವ್' ಅಂತ ಹೊಡೀತೀನಿ, ಎಲ್ಲ ದೇಶಗಳನ್ನೂ ಆಟವೇ ನಡೆಸ್ಕೊಳ್ಳಲಿ. ವೇಗ 5. ಎರರ್ ಲಾಗ್ ಪಕ್ಕದ ಕಿಟಕಿಯಲ್ಲಿದೆ, ಇನ್ನೂ ಖಾಲಿ.

ಅಗೋ, ಲ್ಯೂಬೆಕ್. ಅಲ್ಲಿಂದ ಸ್ಟಾಕ್‌ಹೋಮ್‌ಗೆ ಶೀಟ್‌ನಲ್ಲಿ 20 ದಿನ ಬರೆದಿದೀನಿ. ವೇಗ ಇಳಿಸಿ ತಾರೀಖು ಎಣಿಸ್ತಿದೀನಿ. ಹದಿನೆಂಟು... ಹತ್ತೊಂಬತ್ತು... ಬಂತು.