1996ರಲ್ಲಿ ನಿಂತ ಮೈಸೂರಿನ ಗಾಡಿ ಇನ್ನೂ ಯಾಕೆ ಓಡುತ್ತಿದೆ?

[ದೃಶ್ಯ: ಮನೆ ಮುಂದಿನ ಅಂಗಳ, ಬೆಳಗಿನ ಆರೂವರೆ. ಕ್ಯಾಮೆರಾ ಎಡಗಾಲಿನ ಹತ್ತಿರ.]

ಈ ಲಿವರ್ ನೋಡಿ. ಇದು ಗೇರ್ ಲಿವರ್. ಈಗ ಇದನ್ನು ಒಳಗೆ ಒತ್ತಿ ಹಿಂದಕ್ಕೆ ತಿರುಗಿಸುತ್ತೇನೆ. ಈಗ ಇದೇ ಕಿಕ್ಕರ್.

[ಸದ್ದು: ಒಂದು ಕಿಕ್, ಇನ್ನೊಂದು ಕಿಕ್. ಮೂರನೆಯದಕ್ಕೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಹಿಂದೆ ಎರಡು ಸೈಲೆನ್ಸರ್‌ನಿಂದ ತೆಳು ನೀಲಿ ಹೊಗೆ.]

ನಮಸ್ಕಾರ. ಇದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನಲ್ಲೇ ತಯಾರಾದ ಗಾಡಿ. ಮೊದಲು ನಮ್ಮ ಚಿಕ್ಕಪ್ಪನದು, ಈಗ ನನ್ನದು. ಇದನ್ನು ಮಾಡಿದ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು. ಆ ಹಳೆ ಕಂಪನಿ ಇಲ್ಲ, ಅದರ ಶೋರೂಂ ಇಲ್ಲ, ಸರ್ವಿಸ್ ಸೆಂಟರ್ ಇಲ್ಲ. ಆದರೂ ಕರ್ನಾಟಕದ ಯಾವ ಊರಿಗೆ ಹೋದರೂ ಇಂಥದ್ದೊಂದು ಗಾಡಿ ಕಣ್ಣಿಗೆ ಬೀಳುತ್ತದೆ. ಯಾಕೆ?

'ಹಳೆಯ ನೆನಪು, ಸೆಂಟಿಮೆಂಟ್' ಅಂತ ಹೇಳುವವರೇ ಜಾಸ್ತಿ. ನನಗೆ ಆ ಉತ್ತರ ಸಾಲದು. ಸೆಂಟಿಮೆಂಟ್ ಇರುವ ಎಷ್ಟೋ ವಸ್ತು ಅಟ್ಟ ಸೇರಿವೆ. ಈ ಗಾಡಿ ರಸ್ತೆ ಮೇಲಿದೆ. ಅದಕ್ಕೆ ಕಾರಣ ಎಂಜಿನ್ನಿನ ಒಳಗೇ ಇದೆ ಅನ್ನೋದು ನನ್ನ ನಂಬಿಕೆ. ಬನ್ನಿ, ತೋರಿಸುತ್ತೇನೆ.

[ದೃಶ್ಯ: ಹಳೆಯ ಜಾವಾದ ಟ್ಯಾಂಕ್ ಮೇಲಿನ ಹೆಸರು.]

ಮೊದಲು ಸ್ವಲ್ಪ ಹಿನ್ನೆಲೆ. ಯೆಜ್ಡಿಯ ಮೂಲ ಜಾವಾ, ಅದು ಜೆಕ್ ದೇಶದ ಕಂಪನಿ. ಫ್ರಾಂಟಿಷೆಕ್ ಯಾನೆಚೆಕ್ ಅನ್ನುವವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕ್ ತಯಾರಿಸುವ ಹಕ್ಕು ಕೊಂಡರು. ಇಂಗ್ಲಿಷಿನಲ್ಲಿ ಬರೆದಾಗ ಅವರ ಹೆಸರಿನ ಮೊದಲ ಎರಡು ಅಕ್ಷರ JA, ವಾಂಡರರ್‌ನ ಮೊದಲ ಎರಡು ಅಕ್ಷರ WA ಸೇರಿ ಜಾವಾ ಆಯಿತು. ನಮ್ಮಲ್ಲಿ ಇರಾನಿ ಅನ್ನುವ ಹೆಸರಿನ ಕುಟುಂಬದವರು ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಫ್ಯಾಕ್ಟರಿ ಶುರುವಾಯಿತು. ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರ್, ಆಗ ಅವರು ರಾಜ್ಯಪಾಲರು. ಮೊದಲು ಜಾವಾ ಹೆಸರಲ್ಲಿ, 1970ರ ದಶಕದಲ್ಲಿ ಯೆಜ್ಡಿ ಹೆಸರಲ್ಲಿ ಗಾಡಿಗಳು ಬಂದವು. ರೋಡ್‌ಕಿಂಗ್ ಬಂದದ್ದು 1978ರಲ್ಲಿ.

ಇತಿಹಾಸ ಇಷ್ಟು ಸಾಕು. ಎಂಜಿನ್‌ಗೆ ಬರೋಣ.

[ದೃಶ್ಯ: ಬಿಚ್ಚಿಟ್ಟ ಹೆಡ್, ಬೋರ್, ಪಿಸ್ಟನ್. ಹಳೆ ಪೇಪರ್ ಮೇಲೆ ಸಾಲಾಗಿ.]

ಇಲ್ಲಿ ಪೇಪರ್ ಮೇಲೆ ಇಟ್ಟಿದ್ದೇನಲ್ಲ, ಎಂಜಿನ್ನಿನ ಮೇಲ್ಭಾಗ ಪೂರ್ತಿ ಇಷ್ಟೇ. ಹೆಡ್ಡು, ಬೋರು (ಪಿಸ್ಟನ್ ಓಡಾಡುವ ಸಿಲಿಂಡರ್), ಪಿಸ್ಟನ್ನು, ರಿಂಗು, ಪಿನ್ನು. ವಾಲ್ವ್ ಇಲ್ಲ. ಕ್ಯಾಮ್ ಇಲ್ಲ. ಟೈಮಿಂಗ್ ಚೈನ್ ಇಲ್ಲ. ಇದು ಟು ಸ್ಟ್ರೋಕ್. ಪಿಸ್ಟನ್ ಮೇಲೆ ಹೋಗುವಾಗ ಕೆಳಗಿನ ಕ್ರ್ಯಾಂಕ್ ಕೇಸಿಗೆ ಪೆಟ್ರೋಲು, ಗಾಳಿ ಎಳೆದುಕೊಳ್ಳುತ್ತದೆ. ಕೆಳಗೆ ಬರುವಾಗ ಅದನ್ನೇ ಒತ್ತಿ, ಬೋರಿನ ಪಕ್ಕದ ತೂತುಗಳ ಮೂಲಕ ಮೇಲಕ್ಕೆ ತಳ್ಳುತ್ತದೆ. ಆ ತೂತಿಗೆ ಪೋರ್ಟ್ ಅಂತಾರೆ. ಅದನ್ನು ತೆರೆಯೋದೂ ಮುಚ್ಚೋದೂ ಪಿಸ್ಟನ್ನೇ. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಸಲ ಬೆಂಕಿ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದು ಸಲ.

ಒಂದೇ ಸಿಲಿಂಡರ್, ಮತ್ತೆ ಎರಡು ಸೈಲೆನ್ಸರ್ ಯಾಕೆ ಅಂತ ಎಷ್ಟೋ ಜನ ಕೇಳುತ್ತಾರೆ. ಬೋರಿನ ಮುಂದೆ ನೋಡಿ, ಹೊಗೆ ಹೋಗಲು ಎರಡು ದಾರಿ ಇವೆ. ಎಡಕ್ಕೊಂದು, ಬಲಕ್ಕೊಂದು. ಅಷ್ಟೇ ಗುಟ್ಟು.

ಇನ್ನೊಂದು ಸೊಗಸು ಇದೆ. ಕ್ಲಚ್ ಹಿಡಿಯದೆಯೂ ಗೇರ್ ಬದಲಾಯಿಸಬಹುದು. ಕಾಲಿನಿಂದ ಗೇರ್ ಲಿವರ್ ಒತ್ತಿದಾಗ ಒಳಗಿನ ಒಂದು ಏರ್ಪಾಡು ಕ್ಲಚ್ಚನ್ನೂ ತಾನೇ ಬಿಡಿಸುತ್ತದೆ. ಕ್ಲಚ್ ಕೇಬಲ್ ತುಂಡಾದರೂ ಗಾಡಿ ಮನೆ ಸೇರುತ್ತದೆ. ಇದನ್ನು ಯೋಚಿಸಿದ ಎಂಜಿನಿಯರ್ ಯಾರೋ, ದಾರಿ ಮಧ್ಯೆ ನಿಂತವರ ಕಷ್ಟ ಅವರಿಗೆ ಗೊತ್ತಿತ್ತು.

ಇದನ್ನೆಲ್ಲ ಬಿಚ್ಚಲು ಏನು ಬೇಕು? ನಾಲ್ಕೈದು ಪಾನಾ, ಒಂದು ಸ್ಕ್ರೂ ಡ್ರೈವರ್, ಪ್ಲಗ್ ಪಾನಾ. ಮತ್ತೆ ಒಂದು ಭಾನುವಾರ.

ಈ ಗಾಡಿ ಬದುಕಿರೋದು ಅದಕ್ಕೇ. ಮಾಲೀಕ ತನ್ನ ಕೈಯಿಂದ ಬಿಚ್ಚಿ, ತನ್ನ ಕೈಯಿಂದ ಜೋಡಿಸಬಹುದು. ಕಂಪನಿ ಹೋದರೂ ಕೈಗಳು ಉಳಿದವು.

[ದೃಶ್ಯ: ಬೆಂಗಳೂರು–ಮೈಸೂರು ಹಳೆ ರಸ್ತೆ, ಮದ್ದೂರಿನ ಹತ್ತಿರ.]

ಇದು ನನಗೆ ಅರ್ಥವಾದದ್ದು ಮದ್ದೂರಿನ ಹತ್ತಿರ. ಈ ಟು ಸ್ಟ್ರೋಕ್ ಗಾಡಿಯ ಪಿಸ್ಟನ್ನಿಗೆ ಬೇರೆ ಆಯಿಲ್ ವ್ಯವಸ್ಥೆ ಇಲ್ಲ. ಪೆಟ್ರೋಲಿನಲ್ಲೇ ಟುಟಿ ಆಯಿಲ್ ಬೆರೆಸಬೇಕು. ಲೀಟರಿಗೆ ಸುಮಾರು 30ರಿಂದ 40 ಮಿಲಿ. ಪಿಸ್ಟನ್ನಿಗೆ ಜಾರಿಕೆ ಕೊಡೋದು ಅದೊಂದೇ. ಆ ದಿನ ರಾಮನಗರದಲ್ಲಿ ಟ್ಯಾಂಕ್ ತುಂಬಿಸಿದೆ. ಫೋನ್ ಬಂತು. ಮಾತಾಡುತ್ತಾ ಆಯಿಲ್ ಹಾಕೋದು ಮರೆತೆ.

ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಸ್ವಲ್ಪ ಇತ್ತು, ಅದರ ಬಲದಲ್ಲಿ ಚನ್ನಪಟ್ಟಣ ದಾಟಿದೆ. ಮದ್ದೂರಿಗೆ ಇನ್ನೇನು ಬಂದೆ ಅನ್ನುವಾಗ ಎಂಜಿನ್ನಿನ ಸದ್ದು ಬದಲಾಯಿತು. ದುಂಡಗಿದ್ದ ಸದ್ದು ಒಣಗಿದ ಹಾಗಾಯಿತು. ಯಾರೋ ಹಿಂದಿನಿಂದ ಗಾಡಿ ಹಿಡಿದು ಎಳೆದ ಹಾಗೆ ವೇಗ ಇಳಿಯಿತು. ಚಿಕ್ಕಪ್ಪ ನೂರು ಸಲ ಹೇಳಿದ್ದ ಮಾತು ನೆನಪಾಯಿತು. "ಸೌಂಡ್ ಒಣಗ್ತು ಅಂದ್ರೆ ಮೊದ್ಲು ಕ್ಲಚ್ ಹಿಡಿ ಕಣೋ, ಆಮೇಲೆ ಯೋಚ್ನೆ ಮಾಡು." ಹಿಡಿದೆ. ಹಿಡಿಯದಿದ್ದರೆ ಪಿಸ್ಟನ್ ಸೀಜ್ ಆಗಿ, ಅಂದರೆ ಬೋರಿಗೆ ಕಚ್ಚಿಕೊಂಡು, ಹಿಂದಿನ ಚಕ್ರ ಲಾಕ್ ಆಗುತ್ತಿತ್ತು. ಹಿಂದೆ ಬಸ್ಸು ಬರುತ್ತಿತ್ತು.

ಪಕ್ಕಕ್ಕೆ ನಿಲ್ಲಿಸಿ, ಅರ್ಧ ಗಂಟೆ ತಣ್ಣಗಾಗಲು ಬಿಟ್ಟೆ. ಆಯಿಲ್ ಹುಡುಕಿ ತಂದು ಹಾಕಿ, ಗಾಡಿ ಅಲ್ಲಾಡಿಸಿ, ಮೆಲ್ಲಗೆ ಕಿಕ್ಕರ್ ಒತ್ತಿ ನೋಡಿದೆ. ಅಂಟಿಕೊಂಡಿದ್ದ ಪಿಸ್ಟನ್ ಬಿಟ್ಟಿತು. 40ರ ವೇಗದಲ್ಲಿ ಮನೆಗೆ ಬಂದೆ. ಮಾರನೆ ದಿನ ಇದೇ ಅಂಗಳದಲ್ಲಿ ಬೋರ್ ಎತ್ತಿದೆವು. ಪಿಸ್ಟನ್ನಿನ ಒಂದು ಬದಿಯಲ್ಲಿ ಉದ್ದಕ್ಕೆ ಗೀರು. ಬೆರಳಾಡಿಸಿದರೆ ಉಗುರಿಗೆ ಸಿಗುತ್ತಿತ್ತು. ಬೋರನ್ನು ಒಳಗೆ ಸ್ವಲ್ಪ ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿದೆವು. ಅಷ್ಟೊತ್ತಿಗೆ ಗಾಡಿ ಎಂಟು ವರ್ಷದಿಂದ ನನ್ನ ಹೆಸರಲ್ಲೇ ಇತ್ತು. ನನ್ನದು ಅಂತ ಅನ್ನಿಸಿದ್ದು ಆ ದಿನ.

[ದೃಶ್ಯ: ಟೀ ಅಂಗಡಿ ಮುಂದೆ ಸಾಲಾಗಿ ನಿಂತ ಬೈಕುಗಳು.]

ನಮ್ಮ ಗೆಳೆಯರ ಗುಂಪಿನಲ್ಲಿ ಭಾನುವಾರ ಬೆಳಗ್ಗೆ ಎದ್ದೇಳುವ ಜಗಳ ಒಂದಿದೆ. ಗಾಡಿ ಇಟ್ಟುಕೊಳ್ಳೋದು ಓಡಿಸೋದಕ್ಕಾ, ಕಾಪಾಡೋದಕ್ಕಾ?

ಒಬ್ಬ ಗೆಳೆಯನ ಹತ್ತಿರ 1960ರ ದಶಕದ ಜಾವಾ ಇದೆ. ಜೆಕ್‌ನಿಂದ ಬಂದ ಯಿಕೋವ್ ಕಾರ್ಬ್ಯುರೇಟರ್ ಇನ್ನೂ ಅದರಲ್ಲೇ ಇದೆ. ಒಂದು ನಟ್ಟೂ ಬದಲಾಗಬಾರದು ಅನ್ನೋದು ಅವನ ಹಠ. ಮಳೆಗೆ ತೆಗೆಯೋದಿಲ್ಲ. ಇನ್ನೊಬ್ಬ ಇದಕ್ಕೆ ಪೂರ್ತಿ ಉಲ್ಟಾ. 6 ವೋಲ್ಟಿನ ದೀಪ ತೆಗೆದು 12 ವೋಲ್ಟ್ ಮಾಡಿಸಿದ, ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೆ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ, ದಿನಾ ಕೆಲಸಕ್ಕೆ ಅದರಲ್ಲೇ ಹೋಗುತ್ತಾನೆ. ನಾನು ಈ ಎರಡನೆಯವನ ಪರ. ರಾತ್ರಿ ರಸ್ತೆ ಕಾಣಬೇಕು, ಅಲ್ವಾ? ಆದರೆ ಮೊದಲನೆಯವನ ಮೇಲೂ ನನಗೆ ಗೌರವ ಇದೆ. ಫ್ಯಾಕ್ಟರಿಯಿಂದ ಬಂದಾಗ ಗಾಡಿ ಹೇಗಿತ್ತು ಅಂತ ನೋಡಲು ನಾವೆಲ್ಲ ಹೋಗೋದು ಅವನ ಮನೆಗೇ.

ಈ ಜಗಳಕ್ಕೆ ಕಾನೂನೂ ಸೇರಿಕೊಂಡಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ನಂಬರ್ ಪ್ಲೇಟಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಆದರೆ ಹಾಗೆ ಮಾಡಿಸಿದರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಂಥದ್ದಕ್ಕೆ ಮಾತ್ರ. ಅದಕ್ಕೇ ನನ್ನಂಥವರು ಸಾಮಾನ್ಯ ಆರ್‌ಸಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗುತ್ತೇವೆ. ಇನ್ಸ್‌ಪೆಕ್ಷನ್ ದಿನ ಇಂಡಿಕೇಟರ್, ಹಾರ್ನ್, ಬ್ರೇಕ್ ಲೈಟ್ ಎಲ್ಲ ಸರಿ ಇರಬೇಕು. ಹಳೆ ಗಾಡಿ ಕೊಳ್ಳಬೇಕು ಅಂತ ಇರುವವರಿಗೆ ಒಂದು ಮಾತು: ಎಂಜಿನ್ ಕೆಟ್ಟಿದ್ದರೆ ಸರಿ ಮಾಡಬಹುದು, ಕಾಗದ ಕೆಟ್ಟಿದ್ದರೆ ತುಂಬಾ ಕಷ್ಟ. ಮೊದಲು ಆರ್‌ಸಿ ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್ ಬೆರಳಿನಿಂದ ಉಜ್ಜಿ, ಒಂದೊಂದೇ ಅಂಕಿ ಹೋಲಿಸಿ ನೋಡಿ.

ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಕಂಪನಿಯ ಕೈಯಲ್ಲಿ ಮತ್ತೆ ಬಂದವು. ಹೊಸ ಜಾವಾಕ್ಕೂ ಎರಡು ಸೈಲೆನ್ಸರ್ ಇವೆ. ಆದರೆ ಒಳಗಿರೋದು ಲಿಕ್ವಿಡ್ ಕೂಲ್ಡ್ ಫೋರ್ ಸ್ಟ್ರೋಕ್. ಚೆನ್ನಾಗಿ ಓಡುತ್ತದೆ, ಹೊಗೆ ಇಲ್ಲ, ಬ್ರೇಕ್ ಹಳೆಯದಕ್ಕಿಂತ ಎಷ್ಟೋ ವಾಸಿ. 'ಇದು ಜಾವಾನೇ ಅಲ್ಲ' ಅನ್ನುವ ಗೆಳೆಯರ ಮಾತು ನಾನು ಒಪ್ಪೋದಿಲ್ಲ. ಅಂಗಳದಲ್ಲಿ ಕೂತು ಪೂರ್ತಿ ಬಿಚ್ಚಿ ಜೋಡಿಸೋಣ ಅಂದರೆ ಮಾತ್ರ ಅದು ನನ್ನ ಕೈಗೆ ಮೀರಿದ್ದು.

ಹಳೆಯ ಎಂಜಿನ್ ಯಾಕೆ ಹೋಯಿತು ಅನ್ನೋದನ್ನೂ ಮುಚ್ಚಿಡಬಾರದು. ಟು ಸ್ಟ್ರೋಕಿನಲ್ಲಿ ಪೋರ್ಟ್ ತೆರೆದಿರುವಾಗ ಸುಡದ ಪೆಟ್ರೋಲು ಸ್ವಲ್ಪ ಹೊಗೆಯ ಜೊತೆಗೇ ಹೊರಗೆ ಹೋಗುತ್ತದೆ. ಆಯಿಲ್ಲೂ ಸುಡುತ್ತದೆ. ಗಾಳಿಗೂ ಕೆಟ್ಟದ್ದು, ಜೇಬಿಗೂ ಕೆಟ್ಟದ್ದು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಅನ್ನುವ ಫೋರ್ ಸ್ಟ್ರೋಕ್ ಬೈಕ್ ಬಂದಾಗ ಜನ ಮೈಲೇಜ್ ನೋಡಿದರು. ಸಂಸಾರ ನಡೆಸುವವರು ಅದನ್ನು ನೋಡಲೇಬೇಕು.

[ದೃಶ್ಯ: ಫೈಲಿನಿಂದ ಉಜ್ಜಿದ ಎಕ್ಸಾಸ್ಟ್ ಪೋರ್ಟ್, ತೀರಾ ಹತ್ತಿರದಿಂದ.]

ಈಗ ರೇಸು. ಇದೂ ಕೈ ಕೆಲಸದ ಕಥೆಯೇ. ಚೆನ್ನೈ ಹತ್ತಿರ ಶೋಲಾವರಂ ಅಂತ ಊರಿದೆ. ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ ಅಲ್ಲಿತ್ತು. ಅದರ ಮೇಲೆ ದಶಕಗಳ ಕಾಲ ರೇಸ್ ನಡೆಯಿತು. ರೇಸಿಗೇ ಅಂತ ಮಾಡಿದ ಬೈಕು ಆಗ ನಮ್ಮಲ್ಲಿ ಎಲ್ಲಿತ್ತು? ಯೆಜ್ಡಿ, ಆಮೇಲೆ ಯಮಹಾದ ಆರ್‌ಎಕ್ಸ್ 100, ಇಂಥವನ್ನೇ ಮೆಕ್ಯಾನಿಕ್‌ಗಳು ಟ್ಯೂನ್ ಮಾಡುತ್ತಿದ್ದರು.

ಟು ಸ್ಟ್ರೋಕನ್ನು ಟ್ಯೂನ್ ಮಾಡುವವರ ಕೈಯಲ್ಲಿ ಇರೋದು ಫೈಲು, ಅಂದರೆ ಅರ. ಬೋರಿನಿಂದ ಹೊಗೆ ಹೋಗುವ ಪೋರ್ಟನ್ನು ಅರ್ಧ ಮಿಲಿಮೀಟರ್ ಎತ್ತರಿಸಿದರೂ ಗಾಡಿಯ ಗುಣ ಬದಲಾಗುತ್ತದೆ. ಎತ್ತರಿಸಿದರೆ ಮೇಲಿನ ಆರ್‌ಪಿಎಂನಲ್ಲಿ ಬಲ ಜಾಸ್ತಿ, ಕೆಳಗೆ ಕಡಿಮೆ. ಜಾಸ್ತಿ ಉಜ್ಜಿದರೆ ಮುಗಿಯಿತು, ಹೋದ ಲೋಹ ವಾಪಸ್ ಬರೋದಿಲ್ಲ. ಸೈಲೆನ್ಸರ್ ಬದಲು ಮಧ್ಯದಲ್ಲಿ ಹೊಟ್ಟೆ ಉಬ್ಬಿದ ಪೈಪ್ ಹಾಕುತ್ತಾರೆ. ಹೊಗೆಯ ಜೊತೆ ಹೋದ ಒತ್ತಡದ ಅಲೆ, ಪೈಪಿನ ಕೊನೆಯ ಇಕ್ಕಟ್ಟಿಗೆ ಬಡಿದು ವಾಪಸ್ ಬರುತ್ತದೆ. ಹೊರಗೆ ಜಾರಿ ಹೋಗುತ್ತಿದ್ದ ಹೊಸ ಪೆಟ್ರೋಲನ್ನು ಅದು ಮತ್ತೆ ಸಿಲಿಂಡರಿನ ಒಳಗೆ ನೂಕುತ್ತದೆ. ಬರೀ ಒಂದು ಪೈಪಿನ ಆಕಾರ ಮಾಡುವ ಕೆಲಸ ಇದು!

ರೇಸನ್ನು ಟಿವಿಯಲ್ಲಿ ನೋಡೋದು ಬೇರೆ, ಟ್ರ್ಯಾಕಿನಲ್ಲಿ ನಿಂತು ನೋಡೋದು ಬೇರೆ. ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇದೆ, 3.7 ಕಿಲೋಮೀಟರ್. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರ. ಒಂದು ಸಲ ಹೋಗಿ ನೋಡಿ. ನೇರ ರಸ್ತೆಯ ಪಕ್ಕ ನಿಲ್ಲಬೇಡಿ, ತಿರುವು ಎಲ್ಲಿ ಚೆನ್ನಾಗಿ ಕಾಣುತ್ತದೋ ಅಲ್ಲಿ ನಿಲ್ಲಿ. ಕಣ್ಣು ಮುಚ್ಚಿ. ಯಾರು ಬ್ರೇಕನ್ನು ತಡವಾಗಿ ಹಿಡಿದರು, ಯಾರು ಆಕ್ಸಿಲರೇಟರನ್ನು ಬೇಗ ಕೊಟ್ಟರು, ಎಲ್ಲ ಕಿವಿಗೇ ಗೊತ್ತಾಗುತ್ತದೆ.

ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ, ಮರುಭೂಮಿಯಂಥ ಕಷ್ಟದ ದಾರಿಯಲ್ಲಿ ದಿನಗಟ್ಟಲೆ ನಡೆಯುವ ಡಾಕಾರ್ ರ‍್ಯಾಲಿ ಮುಗಿಸಿದರು. ಅದರಲ್ಲಿ ಓಡಿದ ಮೊದಲ ಭಾರತೀಯ ಬೈಕ್ ಸವಾರ ಅವರೇ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ, ರಸ್ತೆ ಇಲ್ಲದ ಕಡೆ ಓಡುವ ಬಾಹಾ ರೇಸುಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಇವರ ಹೆಸರು ನಮ್ಮ ಮಕ್ಕಳಿಗೆ ಕ್ರಿಕೆಟ್ ಆಟಗಾರರ ಹೆಸರಿನಷ್ಟೇ ಗೊತ್ತಿರಬೇಕು ಅಂತ ನನ್ನ ಆಸೆ.

ಇಲ್ಲೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಂದಿ ಬೆಟ್ಟದ ರಸ್ತೆಯಲ್ಲಿ, ಏರ್‌ಪೋರ್ಟ್ ರಸ್ತೆಯಲ್ಲಿ ರೇಸ್ ಆಡುವವರು ರೇಸರ್‌ಗಳಲ್ಲ. ಟ್ರ್ಯಾಕಿನಲ್ಲಿ ಎದುರಿಂದ ಹಾಲಿನ ವ್ಯಾನ್ ಬರೋದಿಲ್ಲ. ಬಿದ್ದರೆ ಜಾರಲು ಜಾಗ ಇರುತ್ತದೆ, ಆಂಬುಲೆನ್ಸ್ ಕಾದಿರುತ್ತದೆ. ನಮ್ಮ ಗುಂಪಿಗೆ ಸೇರಬೇಕಾದರೆ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಬೇಕೇ ಬೇಕು. ಹಿಂದೆ ಕೂರುವವರಿಗೂ.

[ದೃಶ್ಯ: ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆ. ರಾಮನಗರದ ಬಂಡೆಗಳು ದೂರದಲ್ಲಿ.]

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುತ್ತಿಲ್ಲ. ದೊಡ್ಡ ಬೈಕ್ ಇರುವ ಗೆಳೆಯರಿಗೆ ಇದು ಇನ್ನೂ ಬೇಜಾರು. ನನಗೆ ಆ ಬೇಜಾರು ಇಲ್ಲ. ಈ ಗಾಡಿಗೆ 60 ಹಿತವಾದ ವೇಗ. ಸರ್ವಿಸ್ ರಸ್ತೆ, ಹಳೆ ರಸ್ತೆ ಹಿಡಿದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲ ಊರಿನ ಒಳಗೇ ಹೋಗಬಹುದು. ಟೀ ಕುಡಿಯಲು ನಿಲ್ಲಿಸಿದ ಕಡೆಯಲ್ಲೆಲ್ಲ ಯಾರಾದರೂ ಒಬ್ಬರು ಹತ್ತಿರ ಬರುತ್ತಾರೆ. ಟ್ಯಾಂಕ್ ಮುಟ್ಟುತ್ತಾರೆ. "ನಮ್ಮಪ್ಪಂದೂ ಒಂದಿತ್ತು" ಅಂತಾರೆ. ಮಂಡ್ಯದಲ್ಲಿ ಒಬ್ಬ ಅಜ್ಜ ಏನೂ ಮಾತಾಡದೆ ಬಗ್ಗಿ, ಕಿವಿ ಹತ್ತಿರ ತಂದು, "ಪಾಯಿಂಟ್ ಗ್ಯಾಪ್ ಸ್ವಲ್ಪ ಜಾಸ್ತಿ ಆಗಿದೆ ನೋಡು ಮಗಾ" ಅಂದರು. ಮನೆಗೆ ಬಂದು ಗೇಜ್ ಹಾಕಿ ನೋಡಿದೆ. ಹೌದು, ಜಾಸ್ತಿಯೇ ಆಗಿತ್ತು.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ಯೆಜ್ಡಿ ದಿನ. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಗಾಡಿಗಳು ಸೇರುತ್ತವೆ. ಗಾಡಿ ಇಲ್ಲದವರೂ ಬನ್ನಿ. ಮಕ್ಕಳನ್ನು ಕರೆದುಕೊಂಡು ಬನ್ನಿ. ಯಾರ ಗಾಡಿ ಹತ್ತಿರ ಬೇಕಾದರೂ ನಿಂತು, ಆ ಗೇರ್ ಲಿವರ್ ತೋರಿಸಿ ಇದು ಹೇಗೆ ಕಿಕ್ಕರ್ ಆಗುತ್ತೆ ಅಂತ ಕೇಳಿ.

[ದೃಶ್ಯ: ಎಂಟು ವರ್ಷದ ಹುಡುಗಿ ಎರಡೂ ಕೈಯಿಂದ ಲಿವರನ್ನು ಒಳಗೆ ಒತ್ತಿ, ಹಿಂದಕ್ಕೆ ತಿರುಗಿಸುತ್ತಾಳೆ. ಕಿಕ್ಕರ್ ಮೇಲೆ ಹತ್ತಿ ನಿಲ್ಲುತ್ತಾಳೆ. ಅವಳ ಭಾರಕ್ಕೆ ಅದು ಅಲ್ಲಾಡುವುದಿಲ್ಲ. ಪಕ್ಕದಿಂದ ಚಿಕ್ಕಪ್ಪನ ಕಾಲು ಬರುತ್ತದೆ.]